ಪಂಪ್ ದೊಡ್ಡದಾದರೆ ತಂತಿಯೂ ದಪ್ಪವಾಗಲಿ

ಗಚ್ಚಿಬೌಲಿ, ಕೊಂಡಾಪುರ ಕಡೆಯ ಕನ್ನಡ ಕುಟುಂಬಗಳಲ್ಲಿ ಕಾರಿಲ್ಲದ ಮನೆ ಈಗ ಅಪರೂಪ. ಸಾಲುರಜೆ ಬಂತೆಂದರೆ ಕೆಲವರು ಬೀದರ್, ಕಲಬುರಗಿ ದಾರಿ ಹಿಡಿಯುತ್ತಾರೆ. ಇನ್ನು ಕೆಲವರು ಔಟರ್ ರಿಂಗ್ ರೋಡ್ ಹತ್ತಿ ಕರ್ನೂಲು, ಅನಂತಪುರ ದಾಟಿ ಬೆಂಗಳೂರು ಸೇರುತ್ತಾರೆ. ಸುಮಾರು 570 ಕಿ.ಮೀ. ದಾರಿ. ಹಳೆಯ ಕಾರನ್ನು ಇಂಥ ಓಟಕ್ಕೆ ಚುರುಕು ಮಾಡಿಸುವ ಹವ್ಯಾಸ ನಮ್ಮ ಯುವಕರಲ್ಲೂ ಇದೆ. ಟರ್ಬೊ ಕೂಡಿಸಿದರೆ, ಇಂಜೆಕ್ಟರ್ ಬದಲಿಸಿದರೆ ಹೆಚ್ಚು ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಬೇಕಾಗುತ್ತದೆ. ಪಂಪ್ ಬದಲಾಗುತ್ತದೆ, ಅದಕ್ಕೆ ಕರೆಂಟ್ ಕೊಡುವ ತಂತಿ ಮಾತ್ರ ಹಳೆಯದೇ ಉಳಿಯುತ್ತದೆ. ಆತಂಕ ಇರುವುದು ಇಲ್ಲಿ.

ಪೆಟ್ರೋಲ್ ಟ್ಯಾಂಕಿನೊಳಗೆ ವಿದ್ಯುತ್ ಮೋಟಾರ್ ಎಂದರೆ ಹಲವರು ಹೌಹಾರುತ್ತಾರೆ. ವಾಸ್ತವವಾಗಿ ಅಲ್ಲಿ ಭಯ ಕಡಿಮೆ. ಟ್ಯಾಂಕಿನೊಳಗೆ ಪೆಟ್ರೋಲ್ ಆವಿಯೇ ತುಂಬಿದ್ದು ಉರಿಯಲು ಬೇಕಾದಷ್ಟು ಗಾಳಿ ಇರುವುದಿಲ್ಲ. ಅಪಾಯ ಇರುವುದು ಹೊರಗೆ, ಟ್ಯಾಂಕಿನ ಮೇಲ್ಭಾಗದ ಕನೆಕ್ಟರ್‌ನಲ್ಲಿ, ಹಿಂಸೀಟಿನ ಕೆಳಗೆ ಹಾದುಹೋಗುವ ತಂತಿಯಲ್ಲಿ. ಸೋರಿದ ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಅಲ್ಲಿಯೇ ತಂಗುತ್ತದೆ.

ಲೆಕ್ಕ ಸರಳವಾಗಿದೆ. ಕಂಪನಿಯ ಪಂಪ್ ಸಾಮಾನ್ಯವಾಗಿ 4ರಿಂದ 6 ಆಂಪಿಯರ್ ಎಳೆಯುತ್ತದೆ. ದೊಡ್ಡ ಪಂಪ್ 10ರಿಂದ 15 ಆಂಪಿಯರ್, ಒತ್ತಡ ಏರಿದಾಗ ಇನ್ನೂ ಹೆಚ್ಚು. ಸಡಿಲವಾದ ಒಂದು ಕನೆಕ್ಟರ್‌ನಲ್ಲಿ 0.1 ಓಮ್ ತಡೆ ಇದೆಯೆಂದು ಇಟ್ಟುಕೊಳ್ಳಿ. 5 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ 2.5 ವ್ಯಾಟ್. 15 ಆಂಪಿಯರ್ ಹರಿದರೆ 22.5 ವ್ಯಾಟ್, ಅಂದರೆ ಕರೆಂಟ್ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ರೇಡಿಯೊ ರಿಪೇರಿಯವರ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಉರಿಯಲು ಬಿಟ್ಟು, ಅದೇ ಸೀಟಿನಲ್ಲಿ ಮಕ್ಕಳನ್ನು ಕೂರಿಸಿದಂತೆ ಇದು.

ಹಳೆಯ ಫ್ಯೂಸ್ ಪದೇ ಪದೇ ಹೋಗುತ್ತದೆಂದು 30 ಆಂಪಿಯರ್ ಫ್ಯೂಸ್ ತುರುಕುವ ಮೆಕ್ಯಾನಿಕ್‌ಗಳಿದ್ದಾರೆ. ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ಫ್ಯೂಸ್ ದೊಡ್ಡದಾಗಿ ತಂತಿ ತೆಳ್ಳಗೇ ಉಳಿದರೆ ಮುಂದಿನ ಸಲ ಸುಡುವುದು ತಂತಿ.

ಸರಿಯಾದ ಕ್ರಮವೇನೂ ಗಹನವಾದದ್ದಲ್ಲ. ಬ್ಯಾಟರಿಯಿಂದ ನೇರವಾಗಿ ಹೊಸ ತಾಮ್ರದ ತಂತಿ ಎಳೆಯಬೇಕು. ಕನಿಷ್ಠ 2.5 ಚದರ ಮಿ.ಮೀ., ಸಾಧ್ಯವಾದರೆ 4. ವಾಹನಕ್ಕೆಂದೇ ತಯಾರಾದದ್ದಾಗಿರಲಿ, ಮನೆ ವೈರಿಂಗ್ ಮಾಡಿ ಉಳಿದ ತುಂಡು ಬೇಡ. ತಂತಿಗೆ ತಕ್ಕ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಗೇಣುದ್ದದೊಳಗೆ ಇರಬೇಕು. ಅರ್ತ್ ತಂತಿಯೂ ಅಷ್ಟೇ ದಪ್ಪವಿರಬೇಕು. ಇದನ್ನು ಮರೆಯುವವರೇ ಹೆಚ್ಚು. ತಗಡಿನ ತೂತಿನಲ್ಲಿ ತಂತಿ ಹಾಯುವ ಕಡೆ ರಬ್ಬರ್ ಬುಷ್ ಇರಲಿ, ಸೈಲೆನ್ಸರ್ ಪೈಪಿನಿಂದ ತಂತಿ ದೂರವಿರಲಿ. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ರಿಲೇ. ಕಂಪನಿಯ ಹಳೆಯ ತಂತಿ ರಿಲೇಗೆ ಸೂಚನೆ ಕೊಡುವಷ್ಟಕ್ಕೆ ಮಾತ್ರ ಉಳಿಯಬೇಕು. ಎಂಜಿನ್ ನಿಂತರೆ ಕಾರಿನ ಕಂಪ್ಯೂಟರ್ ಪಂಪನ್ನೂ ನಿಲ್ಲಿಸುತ್ತದೆ, ಅಪಘಾತದಲ್ಲಿ ಜೀವ ಉಳಿಸುವ ವ್ಯವಸ್ಥೆ ಇದೇ. ಪಂಪನ್ನು ನೇರ ಕೀಗೆ ಜೋಡಿಸಿಬಿಟ್ಟರೆ, ಡಿಕ್ಕಿಯಾಗಿ ಎಂಜಿನ್ ನಿಂತ ಮೇಲೂ ಅದು ತುಂಡಾದ ಪೈಪಿನಿಂದ ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ತಾಗಿ ಹೊತ್ತಿಕೊಂಡು 45 ಜನ ಸತ್ತರು. 2025ರ ಅಕ್ಟೋಬರ್ 24ರಂದು ಕರ್ನೂಲು ಬಳಿ ಬೆಂಗಳೂರಿಗೆ ಹೊರಟಿದ್ದ ಬಸ್ಸು ಉರಿಯಿತು. ಅವುಗಳ ಕಾರಣ ಬೇರೆ. ಆದರೆ ಬೆಂಕಿ ಎಷ್ಟು ಕಡಿಮೆ ಸಮಯ ಕೊಡುತ್ತದೆಂಬುದು ಈ ದಾರಿಯಲ್ಲಿ ಓಡಾಡುವ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಪಂಪ್ ಕೆಟ್ಟಿದೆಯೆಂದು ಬದಲಿಸಲು ಹೊರಟವರು ಮೊದಲು ಕಂಪನಿಯನ್ನು ವಿಚಾರಿಸಲಿ. ಫ್ಯೂಯಲ್ ಪಂಪ್ ದೋಷಕ್ಕಾಗಿ ಮಾರುತಿ 2020ರ ಜುಲೈಯಲ್ಲಿ 1,34,885 ವ್ಯಾಗನ್ ಆರ್ ಮತ್ತು ಬಲೆನೊಗಳನ್ನು, ಹೋಂಡಾ 2024ರಲ್ಲಿ 90 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆದಿದ್ದವು. ಬಿಟ್ಟಿಯಾಗಿ ಆಗುವ ಕೆಲಸಕ್ಕೆ ದುಡ್ಡು ಕೊಡುವುದೇಕೆ? ಎಂಜಿನ್ ಬದಲಾವಣೆ ಮಾಡಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ವಿಮಾ ಪಾಲಿಸಿಯ ಷರತ್ತುಗಳನ್ನೂ ಓದಿಕೊಳ್ಳುವುದು ಒಳಿತು. ಕ್ಲೇಮಿನ ದಿನ ಓದಿದರೆ ಪ್ರಯೋಜನವಿಲ್ಲ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಿಂದ ಹಿಡಿದು ಗಚ್ಚಿಬೌಲಿ ಅಪಾರ್ಟ್‌ಮೆಂಟುಗಳ ಪುಟ್ಟ ಬಳಗಗಳವರೆಗೆ ಕನ್ನಡಿಗರು ಸೇರುವ ಸಂದರ್ಭಗಳಿಗೆ ಕೊರತೆಯಿಲ್ಲ. ಇಂಥ ಒಂದು ದಿನ ಊಟಕ್ಕೆ ಮುಂಚೆ, ಪಾರ್ಕಿಂಗ್ ಜಾಗದಲ್ಲೇ, ಅನುಭವಿ ಆಟೊ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಒಂದು ತಾಸು ಪ್ರಾತ್ಯಕ್ಷಿಕೆ ಮಾಡಿಸಬಹುದು. ಆರ್ಕೆಸ್ಟ್ರಾದ ಎರಡು ಹಾಡು ಕಡಿಮೆಯಾದರೆ ಯಾರೂ ಬೇಸರಪಡಲಾರರು.

ಈಗಾಗಲೇ ಪಂಪ್ ಬದಲಿಸಿರುವವರು ಈ ಭಾನುವಾರವೇ ಕಾರನ್ನು ಅರ್ಧ ತಾಸು ಓಡಿಸಿ, ಎಂಜಿನ್ ಆರಿಸಿ, ಹಿಂಸೀಟು ಎತ್ತಿ ನೋಡಲಿ. ಪೆಟ್ರೋಲ್ ವಾಸನೆ ಬಂದರೆ, ಕನೆಕ್ಟರ್‌ನ ಪ್ಲಾಸ್ಟಿಕ್ ಕಂದಿದ್ದರೆ, ಇಲ್ಲವೇ ಕೈ ಇಡಲಾಗದಷ್ಟು ಕಾದಿದ್ದರೆ, ಅದೇ ಕಾರಿನಲ್ಲಿ ಊರಿಗೆ ಹೊರಡುವುದು ಬೇಡ. ಬಸ್ಸಿಗೋ ರೈಲಿಗೋ ಟಿಕೆಟ್ ಮಾಡಿಸಲಿ.