ಎರಡೂ ಕಾಲು ಸೋತರೆ ಬೆಳಗಾಗಲೆಂದು ಕಾಯಬೇಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮನೆಮನೆಗೂ ಒಂದು ಮಾತು ಮುಟ್ಟಬೇಕಾಗಿದೆ. ಲಕ್ವ ಹೊಡೆದರೆ ಸಾಮಾನ್ಯವಾಗಿ ಮೈಯ ಒಂದು ಪಕ್ಕ ಬೀಳುತ್ತದೆ. ಎರಡೂ ಕಾಲು ಒಟ್ಟಿಗೆ ಸೋತರೆ ಅದು ಬೇರೆಯೇ ಕಾಯಿಲೆ ಇರಬಹುದು: ಗಿಯಾನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್. ಪಾದದಲ್ಲಿ ಜೋಮು ಹಿಡಿದಂತೆ ಶುರು. ಇವತ್ತು ಮೆಟ್ಟಿಲು ಹತ್ತಲಾಗದು, ನಾಳೆ ಕೂತಲ್ಲಿಂದ ಏಳಲಾಗದು, ನಾಡಿದ್ದು ನೀರು ನುಂಗಲಾಗದು. ಸೋಂಕನ್ನು ಎದುರಿಸಬೇಕಾದ ದೇಹದ ಶಕ್ತಿಯೇ ನರಗಳ ಮೇಲೆ ತಿರುಗಿಬಿದ್ದಿರುತ್ತದೆ. ಗಾಳಿ ಸೋಕಿದೆ ಎಂದು ಎಣ್ಣೆ ತಿಕ್ಕಿಸುತ್ತ, ನಿಶ್ಶಕ್ತಿ ಎಂದು ಸೂಜಿ ಚುಚ್ಚಿಸುತ್ತ ಆ ದಿನಗಳನ್ನು ಕಳೆದುಬಿಡುತ್ತೇವಲ್ಲ, ಅದೇ ನನ್ನ ಸಂಕಟ.

ಆರೋಗ್ಯ ಕೇಂದ್ರದ ವೈದ್ಯರೇ, ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ಒಮ್ಮೆ ತಟ್ಟಿ. ಕಾಲು ಜಿಗಿಯಲಿಲ್ಲವೇ? ಸಂಶಯಪಡಿ. ಆಳವಾಗಿ ಉಸಿರೆಳೆದು ಒಂದೇ ಉಸಿರಿನಲ್ಲಿ ಎಣಿಸಲು ಹೇಳಿ. 20 ಮುಟ್ಟುವ ಮೊದಲೇ ಉಸಿರು ಮುಗಿದರೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿಸಿ. ಬೆರಳಿಗೆ ಸಿಕ್ಕಿಸಿದ ಯಂತ್ರ 98 ತೋರಿಸಿತೆಂದು ಮನೆಗೆ ಕಳಿಸಬೇಡಿ, ಉಸಿರಿನ ಸ್ನಾಯು ಸೋಲುತ್ತಿದ್ದರೂ ಅದು ಬಹಳ ಹೊತ್ತು ಸರಿಯಾಗಿಯೇ ತೋರಿಸುತ್ತದೆ. ಇಂಥದೇ ಸೋಲಿಗೆ ಬೇರೆ ಕಾರಣವಿರಬಹುದೇ ಎಂದೂ ಪರಿಶೀಲಿಸಿ: ರಕ್ತದ ಪೊಟ್ಯಾಶಿಯಂ ನೋಡಿ. ರಾತ್ರಿ ಹೊಲದಲ್ಲಿ ಮಲಗಿದ್ದರೇ, ಹಾವು ಕಚ್ಚಿರಬಹುದೇ, ಔಷಧಿ ಸಿಂಪಡಿಸಿದ್ದರೇ ಎಂದು ಕೇಳಿ. ರೋಗಿ 15 ವರ್ಷದೊಳಗಿನವರಾದರೆ ಪೋಲಿಯೊ ಕಣ್ಗಾವಲಿಗೆ ವರದಿ ಮಾಡಿ, ಮಲದ ಎರಡು ಮಾದರಿ ಕಳಿಸುವುದು ನಿಮ್ಮ ಕರ್ತವ್ಯ.

ಜಿಬಿಎಸ್ ಪರೀಕ್ಷೆಗೆಂದು ಬೆನ್ನಿನ ನೀರು ತೆಗೆದರೆ ಸೊಂಟವೇ ಹೋಗುತ್ತದೆ ಎಂಬ ಭಯ ನಮ್ಮ ಜನರಲ್ಲಿದೆ. ಹಾಗೇನೂ ಆಗುವುದಿಲ್ಲ. ಆ ನೀರಿನಲ್ಲಿ ಪ್ರೋಟೀನ್ ಏರಿದ್ದು ಕಣಗಳು ಹೆಚ್ಚಿರದಿದ್ದರೆ ಸಂಶಯಕ್ಕೆ ಬಲ ಬರುತ್ತದೆ. ಆದರೆ ಮೊದಲ ವಾರ ವರದಿ ಮಾಮೂಲಿಯಾಗಿಯೇ ಬರಬಹುದು. ಅಷ್ಟಕ್ಕೇ ಕಾಯಿಲೆಯಿಲ್ಲ ಎನ್ನಬೇಡಿ. ಸ್ಟೀರಾಯ್ಡ್ ಇದಕ್ಕೆ ಪ್ರಯೋಜನವಿಲ್ಲ. ಬೇಕಾದದ್ದು ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ, ಅದೂ ಮೊದಲ ಎರಡು ವಾರದೊಳಗೆ. 60 ಕೆ.ಜಿ. ತೂಕದವರಿಗೆ ಐದು ದಿನದಲ್ಲಿ 120 ಗ್ರಾಂ ಇಮ್ಯುನೊಗ್ಲಾಬ್ಯುಲಿನ್ ಬೇಕು. ಕೂಲಿಯವರು ಅದನ್ನು ಹೊರಗೆ ಕೊಳ್ಳಲಾರರು. ಬೆಂಗಳೂರಿನ ನಿಮ್ಹಾನ್ಸ್ ದೂರ. ನಮ್ಮ ಜಿಲ್ಲಾ ಕೇಂದ್ರ ಹೊಸಪೇಟೆಯಲ್ಲೇ ಈ ಔಷಧ ದಾಸ್ತಾನಿರಬೇಕು ಎಂದು ಶಾಸಕರನ್ನು ಕೇಳುವ ಹಕ್ಕು ಐದೂ ತಾಲ್ಲೂಕಿಗಿದೆ.

ನಮಗೇಕೆ ಇಷ್ಟು ಆತಂಕ? 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದು ವಾಂತಿಭೇದಿ, ಜಿಬಿಎಸ್ ಅಲ್ಲ. ಆದರೆ ಜಿಬಿಎಸ್‌ಗೆ ಮುನ್ನ ಬರುವ ಸೋಂಕುಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಭೇದಿಯ ರೋಗಾಣು ಮುಖ್ಯವಾದದ್ದು. 2025ರ ಆರಂಭದಲ್ಲಿ ಪುಣೆಯಲ್ಲಿ ಜಿಬಿಎಸ್ ಪ್ರಕರಣಗಳು ಹೆಚ್ಚಿದಾಗಲೂ ಬೆರಳು ತೋರಿದ್ದು ಕುಡಿಯುವ ನೀರಿನತ್ತಲೇ. ಹಾಗಾಗಿ ಊರಿನಲ್ಲಿ ಭೇದಿ ನಿಂತಿತು ಎಂದು ಚಿಕಿತ್ಸಾ ಶಿಬಿರ ಎತ್ತಿಕೊಂಡು ಹೋಗುವುದು ಸಾಲದು. ಮುಂದಿನ ಆರು ವಾರ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲೂ ಕಾಲಿನ ಬಲ ವಿಚಾರಿಸಬೇಕು.

ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ಮತ್ತೆ ಎದ್ದು ನಡೆಯುತ್ತಾರೆ. ನಿಮ್ಮ ಮನೆಯಲ್ಲಿ ಯಾರದಾದರೂ ಎರಡೂ ಕಾಲು ಸೋಲತೊಡಗಿದರೆ, ನಡುರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ.