ಜಾಹೀರಾತಿನ ಸ್ಪೀಡ್ ಬೇರೆ, ಗಲ್ಲಾ ಹತ್ತಿರದ ಸಿಗ್ನಲ್ ಬೇರೆ: ಹೊಸನಗರ ತಾಲ್ಲೂಕಿಗೆ ಯಾವ ಸಿಮ್?

ಹೊಸನಗರ: ಸಂತೆ ದಿನ ಕಿರಾಣಿ ಅಂಗಡಿ ಮುಂದೆ ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ, ‘ದುಡ್ಡು ಹೋಯ್ತು ನೋಡಿ ಅಣ್ಣ’ ಅಂತ ಮೊಬೈಲ್ ತೋರಿಸುತ್ತಾನೆ. ಅಂಗಡಿಯ ಸೌಂಡ್‌ಬಾಕ್ಸ್ ಮಾತ್ರ ಬಾಯಿ ಬಿಡೋದಿಲ್ಲ. ಹಿಂದೆ ಇನ್ನೂ ನಾಲ್ಕು ಜನ ನಿಂತಿರುತ್ತಾರೆ. ನಂಬಿ ಸಾಮಾನು ಕೊಟ್ಟರೆ ದುಡ್ಡು ಬಾರದೇ ಹೋಗಬಹುದು, ನಂಬದಿದ್ದರೆ ಗಿರಾಕಿಯೇ ಹೋಗಬಹುದು. ನಕಲಿ ಪೇಮೆಂಟ್ ಆ್ಯಪ್‌ಗಳು ಬಂದ ಮೇಲಂತೂ ಸ್ಕ್ರೀನ್ ತೋರಿಸಿದರೆ ನಂಬುವ ಕಾಲ ಹೋಯಿತು.

ಮಲೆನಾಡಿನ ಅಂಗಡಿಕಾರರಿಗೆ ಇದು ಹೊಸದೇನಲ್ಲ. 2021ರಲ್ಲಿ ಇದೇ ಹೊಸನಗರ, ಸಾಗರ ಭಾಗದ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ನಡೆದಿತ್ತು. ಆಮೇಲೆ 5ಜಿ ಬಂತು, ರೀಚಾರ್ಜ್ ದರ ಏರಿತು, ಬಿಎಸ್‌ಎನ್‌ಎಲ್ 4ಜಿಯೂ ಬಂತು. ಆದರೂ ಪ್ರಶ್ನೆ ಹಾಗೇ ಇದೆ: ನಾಲ್ಕು ಕಂಪನಿಗಳಲ್ಲಿ ಯಾವುದು ನಮ್ಮ ಕಡೆಗೆ ಆಗಿಬರುತ್ತೆ?

‘ನಂಬರ್ ಒನ್’ ಲೆಕ್ಕ ಎಲ್ಲಿಂದ ಬರುತ್ತೆ?

ಓಪನ್‌ಸಿಗ್ನಲ್ ಸಂಸ್ಥೆಯ 2024ರ ನವೆಂಬರ್ ವರದಿ ನೋಡೋಣ. ದೇಶದ ಸರಾಸರಿ ಡೌನ್‌ಲೋಡ್ ವೇಗ ಜಿಯೋಗೆ 89.5 ಎಂಬಿಪಿಎಸ್, ಏರ್‌ಟೆಲ್‌ಗೆ 44.2, ವಿಐಗೆ 16.9. ಇಷ್ಟೇ ನೋಡಿದರೆ ಏರ್‌ಟೆಲ್‌ಗಿಂತ ಜಿಯೋ ಡಬಲ್. ಆದರೆ ಅದೇ ವರದಿಯಲ್ಲಿ ಬರೀ 5ಜಿ ವೇಗ ತೆಗೆದರೆ ಏರ್‌ಟೆಲ್ 239.7, ಜಿಯೋ 224.8. ಅಂದರೆ ಏರ್‌ಟೆಲ್ಲೇ ಸ್ವಲ್ಪ ಮುಂದೆ!

ಇದು ಹೇಗೆ ಸಾಧ್ಯ? ಉತ್ತರ ಸರಳ. ಜಿಯೋ ಗ್ರಾಹಕರು 5ಜಿಯಲ್ಲಿ ಇರುವ ಹೊತ್ತು ಜಾಸ್ತಿ, ಹಾಗಾಗಿ ಅವರ ಒಟ್ಟು ಸರಾಸರಿ ಮೇಲೇರುತ್ತದೆ. ಸ್ಪೀಡ್ ಸಂಖ್ಯೆ ಅಂತ ನಾವು ಓದುವುದರ ಒಳಗೆ ವ್ಯಾಪ್ತಿಯ ಲೆಕ್ಕವೂ ಸೇರಿಕೊಂಡಿದೆ. ಮಹಾನಗರಗಳನ್ನೂ ಸೇರಿಸಿ ಮಾಡಿದ ಸರಾಸರಿ ನಿಟ್ಟೂರಿನ ಅಂಗಡಿಗೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮಾತು. ಒಂದು ಯುಪಿಐ ಪಾವತಿಗೆ ಬೇಕಾದ ಡೇಟಾ ತೀರಾ ಕಡಿಮೆ. 200 ಎಂಬಿಪಿಎಸ್ ಬೇಕಿಲ್ಲ, ಬೇಕಾಗಿರುವುದು ಕಡಿಯದ ಸಿಗ್ನಲ್. ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್‌ಗೂ, ಬ್ಯಾಂಕಿನ ಒಟಿಪಿಗೂ ಇದೇ ಮಾತು.

ಗುಡ್ಡ, ಕಾಡು ಮತ್ತು ತರಂಗ

ಟವರ್‌ನಿಂದ ಬರುವ ತರಂಗಗಳಲ್ಲಿ ಎರಡು ಬಗೆ ಅಂತ ಇಟ್ಟುಕೊಳ್ಳಿ. 700, 800, 900 ಮೆಗಾಹರ್ಟ್ಸ್‌ನವು ದೂರ ಹೋಗುತ್ತವೆ, ಮರ ಗೋಡೆ ದಾಟಿ ಒಳಗೂ ಬರುತ್ತವೆ. ಆದರೆ ಹೊರುವ ಡೇಟಾ ಕಡಿಮೆ. 2300, 3300 ಮೆಗಾಹರ್ಟ್ಸ್‌ನವು ಡೇಟಾ ಜಾಸ್ತಿ ಹೊರುತ್ತವೆ, ಆದರೆ ಗುಡ್ಡ ಅಡ್ಡ ಬಂದರೆ ಅಲ್ಲೇ ನಿಂತುಬಿಡುತ್ತವೆ.

2022ರ ಹರಾಜಿನಲ್ಲಿ ಜಿಯೋ 3300 ಬ್ಯಾಂಡ್‌ನಲ್ಲಿ 100 ಮೆಗಾಹರ್ಟ್ಸ್, 700 ಬ್ಯಾಂಡ್‌ನಲ್ಲಿ 10 ಮೆಗಾಹರ್ಟ್ಸ್ ತೆಗೆದುಕೊಂಡಿತು. ಶಿವಮೊಗ್ಗ ಪೇಟೆಯಲ್ಲಿ ಕಾಣುವ 5ಜಿ ಚಿಹ್ನೆಯೂ ಘಟ್ಟದ ಬದಿಯಲ್ಲಿ ಕಾಣುವ 5ಜಿ ಚಿಹ್ನೆಯೂ ಒಂದೇ ಸ್ಪೀಡ್ ಕೊಡಬೇಕು ಅಂತೇನಿಲ್ಲ ಅನ್ನುವುದಕ್ಕೆ ಇದೇ ಕಾರಣ. ರಿಪ್ಪನ್‌ಪೇಟೆ ಕಡೆಯ ಬಯಲಿಗೂ, ನಗರ, ಸಂಪೆಕಟ್ಟೆ ಕಡೆಯ ಕಣಿವೆಗೂ ಒಂದೇ ಸಿಮ್ ಒಂದೇ ಥರ ಕೆಲಸ ಮಾಡಲ್ಲ.

ನಾಲ್ಕು ಕಂಪನಿ, ನಾಲ್ಕು ಗುಣ

ಜಿಯೋ: 2016ರಲ್ಲಿ ಶುರುವಾದಾಗಿನಿಂದ ಇದಕ್ಕೆ 2ಜಿ, 3ಜಿ ಇಲ್ಲವೇ ಇಲ್ಲ. 4ಜಿ ಸಿಗುವ ಕಡೆ ಕಾಲ್, ಡೇಟಾ ಎರಡೂ ಚೆನ್ನ. ಸಿಗ್ನಲ್ ಹೋಯಿತೆಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮನೆಯ ಹಿರಿಯರ ಹಳೇ 2ಜಿ ಕೀಪ್ಯಾಡ್ ಫೋನ್‌ಗೆ ಈ ಸಿಮ್ ನಡೆಯಲ್ಲ.

ಏರ್‌ಟೆಲ್: 3ಜಿಯನ್ನು 2020ರಲ್ಲೇ ನಿಲ್ಲಿಸಿದರೂ 2ಜಿ ಉಳಿಸಿಕೊಂಡಿದೆ. ಹಾಗಾಗಿ 4ಜಿ ಕಡಿದ ಜಾಗದಲ್ಲೂ ಕೆಲವೊಮ್ಮೆ ಕಾಲ್ ಹೋಗುತ್ತೆ, ಎಸ್‌ಎಂಎಸ್ ಬರುತ್ತೆ. ಒಟಿಪಿಗೆ ಇದು ಸಣ್ಣ ಅನುಕೂಲವಲ್ಲ.

ವಿಐ: 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. ಹಳೇ ಐಡಿಯಾ ನಂಬರ್ ಬಿಡದವರು ಈಗಲೂ ಇದ್ದಾರೆ. ಸಾಲದ ಹೊರೆಯಿಂದ ಹೂಡಿಕೆ ಹಿಂದೆ ಬಿತ್ತು. ಇದರ 5ಜಿ 2025ರಲ್ಲಷ್ಟೇ ದೊಡ್ಡ ನಗರಗಳಿಂದ ಶುರುವಾಗಿದೆ.

ಬಿಎಸ್‌ಎನ್‌ಎಲ್: 2024ರ ಜುಲೈನಲ್ಲಿ ಖಾಸಗಿಯವರು ದರ ಏರಿಸಿದಾಗ ಇದು ಏರಿಸಲಿಲ್ಲ. ಆ ಒಂದೇ ತಿಂಗಳಲ್ಲಿ ದೇಶದಲ್ಲಿ 29 ಲಕ್ಷಕ್ಕೂ ಹೆಚ್ಚು ಗ್ರಾಹಕರು ಹೆಚ್ಚಾದರು. ಆದರೆ ನವೆಂಬರ್ ಹೊತ್ತಿಗೆ ಬಂದವರಿಗಿಂತ ಬಿಟ್ಟು ಹೋದವರೇ ಜಾಸ್ತಿ. ಕಡಿಮೆ ದರಕ್ಕೆ ಬಂದವರು ದರ ಒಂದಕ್ಕೇ ನಿಲ್ಲಲ್ಲ ಅನ್ನೋದು ಆಗಲೇ ಗೊತ್ತಾಯ್ತು. 2025ರ ಸೆಪ್ಟೆಂಬರ್ 27ರಂದು ಸ್ವದೇಶಿ ತಂತ್ರಜ್ಞಾನದ 4ಜಿಗೆ ಪ್ರಧಾನಿ ಚಾಲನೆ ಕೊಟ್ಟರು. ಇದಕ್ಕೆ ದೂರ ಹೋಗುವ 700 ಬ್ಯಾಂಡ್ ಸಿಕ್ಕಿದೆ. ಹಳೇ ಸಿಮ್ ಇಟ್ಟುಕೊಂಡವರು 4ಜಿ ಸಿಮ್‌ಗೆ ಬದಲಾಯಿಸಿಕೊಳ್ಳದಿದ್ದರೆ ಟವರ್ ಪಕ್ಕದಲ್ಲೇ ಕೂತರೂ 4ಜಿ ಬರಲ್ಲ.

ಕರೆಂಟ್ ಹೋದರೆ ಎಲ್ಲರೂ ಒಂದೇ

ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಟವರ್ ಬ್ಯಾಟರಿ ಮೇಲೆ ನಡೆಯುತ್ತದೆ. ಬ್ಯಾಟರಿ ಮುಗಿದು, ಡೀಸೆಲ್ ಹಾಕುವವರು ಬರದಿದ್ದರೆ ಟವರ್ ಸತ್ತಂತೆ. ಒಂದೇ ಟವರ್ ಮೇಲೆ ಎರಡು ಮೂರು ಕಂಪನಿಗಳ ಉಪಕರಣ ಇರುವುದೂ ಉಂಟು. ಅಲ್ಲಿ ಬೇರೆ ಕಂಪನಿಯ ಎರಡನೇ ಸಿಮ್ ಇಟ್ಟುಕೊಂಡರೂ ಪ್ರಯೋಜನ ಇಲ್ಲ. ಸ್ಪೀಡ್ ವರದಿಗಳಲ್ಲಿ ಈ ಬ್ಯಾಟರಿಯ ವಿಷಯವೇ ಬರಲ್ಲ.

ನಿಯಮದಲ್ಲೂ ಇದೇ ತೊಡಕು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ಗುಣಮಟ್ಟ ನಿಯಮದ ಪ್ರಕಾರ 24 ಗಂಟೆಗಿಂತ ಹೆಚ್ಚು ಸೇವೆ ನಿಂತರೆ ಪ್ರೀಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ಹೆಚ್ಚಿಸಿ ಕೊಡಬೇಕು. ಒಳ್ಳೆಯದೇ. ಆದರೆ ಆ ಲೆಕ್ಕ ಜಿಲ್ಲಾ ಮಟ್ಟದ್ದು. ಶಿವಮೊಗ್ಗ ಪೇಟೆಯಲ್ಲಿ ನೆಟ್‌ವರ್ಕ್ ಇದ್ದು ನಗರ ಹೋಬಳಿ ಮೂರು ದಿನ ಕತ್ತಲಲ್ಲಿದ್ದರೆ ಈ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ವೇಗದ ಲೆಕ್ಕದಲ್ಲೂ ಸರಾಸರಿ, ಪರಿಹಾರದ ಲೆಕ್ಕದಲ್ಲೂ ಸರಾಸರಿ. ಎರಡರಲ್ಲೂ ಕಾಣದೇ ಹೋಗೋದು ಹಳ್ಳಿಯೇ.

ಸಿಮ್ ಬದಲಿಸುವ ಮುನ್ನ

ಎಲ್ಲ ಕಂಪನಿಗಳೂ ತಮ್ಮ ವೆಬ್‌ಸೈಟಿನಲ್ಲಿ ವ್ಯಾಪ್ತಿಯ ನಕ್ಷೆ ಹಾಕಬೇಕು ಎಂಬ ನಿಯಮ ಈಗ ಇದೆ. ಮೊದಲು ಅದರಲ್ಲಿ ನಿಮ್ಮ ಊರು ನೋಡಿ. ಆದರೆ ನಕ್ಷೆಯಲ್ಲಿ ಬಣ್ಣ ಇದೆ ಅಂದ ಮಾತ್ರಕ್ಕೆ ಅಂಗಡಿ ಒಳಗೆ ಸಿಗ್ನಲ್ ಇದೆ ಎಂದಲ್ಲ.

ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್ ಹಾಕಿಕೊಂಡು, ವೈಫೈ ಆಫ್ ಮಾಡಿ, ಗಲ್ಲಾ ಹತ್ತಿರವೇ ನಿಂತು ಪರೀಕ್ಷಿಸಿ. ಬೆಳಿಗ್ಗೆ ಒಮ್ಮೆ, ಎಲ್ಲರೂ ಮೊಬೈಲ್ ಹಿಡಿದಿರುವ ರಾತ್ರಿ ಎಂಟರ ಹೊತ್ತಿಗೆ ಒಮ್ಮೆ, ಕರೆಂಟ್ ಹೋಗಿ ಎರಡು ಗಂಟೆ ಆದ ಮೇಲೆ ಒಮ್ಮೆ. ಪಕ್ಕದ ಅಂಗಡಿಯವರ ಬೇರೆ ಸಿಮ್‌ನಲ್ಲೂ ಇದನ್ನೇ ಮಾಡಿದರೆ ಯಾವ ಜಾಹೀರಾತಿಗಿಂತಲೂ ಒಳ್ಳೆಯ ವರದಿ ಕೈಲಿರುತ್ತೆ.

ಸೌಂಡ್‌ಬಾಕ್ಸ್ ಒಳಗೂ ಒಂದು ಸಿಮ್ ಇರುತ್ತದೆ ಅನ್ನೋದು ಹಲವರಿಗೆ ಗೊತ್ತಿಲ್ಲ. ಮೊಬೈಲ್‌ನಲ್ಲಿ ಫುಲ್ ಸಿಗ್ನಲ್ ಇದ್ದರೂ ಬಾಕ್ಸ್ ಮಾತಾಡದಿದ್ದರೆ ಅದರ ಸಿಮ್ ಯಾವ ಕಂಪನಿಯದು ಎಂದು ಕೊಟ್ಟವರನ್ನು ಕೇಳಿ, ಬದಲಿಸಿಕೊಡಲು ಹೇಳಿ.

5ಜಿ ಸಿಗದ ಊರಿನಲ್ಲಿ 5ಜಿಗೆ ದುಡ್ಡು ಕೊಡಬೇಡಿ. ಜಿಯೋ, ಏರ್‌ಟೆಲ್ ಎರಡೂ 2024ರ ಜುಲೈ ನಂತರ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನ್‌ಗಳಿಗೆ ಸೀಮಿತ ಮಾಡಿವೆ. ಮನೆಗೆ ಫೈಬರ್ ಬಂದಿದ್ದರೆ ಫೋನ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಸಿಗ್ನಲ್ ಇಲ್ಲದಿದ್ದರೂ ಮಾತಾಡಬಹುದು.

ಪೋರ್ಟ್ ಮಾಡುವುದಾದರೆ ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಮೊಬೈಲ್ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಕೋಡ್ ಬರುತ್ತದೆ. ಸಿಮ್ ಬದಲಾದ ಮೇಲೆ ಯುಪಿಐ ಆ್ಯಪ್‌ಗಳು ಮತ್ತೆ ನಂಬರ್ ಪರಿಶೀಲನೆ ಕೇಳುತ್ತವೆ. ಹಾಗಾಗಿ ಸಂತೆ ದಿನ, ಹಬ್ಬದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ದೂರು ಒಬ್ಬರದ್ದಾದರೆ ಸಾಲದು

ನೆಟ್‌ವರ್ಕ್ ಕೈಕೊಟ್ಟಾಗ ಬೈದು ಸುಮ್ಮನಾಗುವವರೇ ಹೆಚ್ಚು. ಆಯಾ ಕಂಪನಿಯ 198ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು. ಪರಿಹಾರ ಸರಿಹೋಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಒಂದೇ ಬೀದಿಯ ಹತ್ತು ಅಂಗಡಿಯವರು ದೂರಿನ ನಂಬರ್‌ಗಳನ್ನು ಒಟ್ಟು ಮಾಡಿ ಗ್ರಾಮ ಪಂಚಾಯ್ತಿಯಲ್ಲಿ ಠರಾವು ಮಾಡಿಸಿದರೆ ಅದಕ್ಕೊಂದು ತೂಕ ಬರುತ್ತೆ.

ದಾರಿಯೂ ಇಲ್ಲದಿಲ್ಲ. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ 4ಜಿ ಟವರ್‌ಗಳನ್ನು ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಗ್ರಾಹಕರು ಯಾರು ಬೇಕಾದರೂ ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಒಂದು ಊರಿಗೆ ಮೂರು ಟವರ್ ಬರಲಿ ಎಂದು ಕಾಯುವುದಕ್ಕಿಂತ ಇರುವ ಒಂದು ಎಲ್ಲರಿಗೂ ಸಿಗಲಿ ಎನ್ನುವ ಈ ಲೆಕ್ಕ ಮಲೆನಾಡಿಗೆ ಸರಿಹೊಂದುತ್ತದೆ. ತಾಲ್ಲೂಕಿನಲ್ಲಿ ಇಂಥ ಟವರ್ ಎಲ್ಲೆಲ್ಲಿವೆ, ಪ್ರತಿ ಟವರ್‌ಗೆ ಎಷ್ಟು ಗಂಟೆ ಬ್ಯಾಟರಿ ಇದೆ, ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಬಂದ್ ಆಗಿತ್ತು ಎಂಬ ಪಟ್ಟಿಯನ್ನು ಹೋಬಳಿವಾರು ಕೊಡಿ ಎಂದು ಕೇಳುವ ಹಕ್ಕು ತಿಂಗಳು ತಿಂಗಳು ರೀಚಾರ್ಜ್ ಮಾಡುವವರಿಗೆ ಇದೆ. ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ಇಡಬೇಕಾದ ಪ್ರಶ್ನೆಯೂ ಇದೇ.