ಬಾಣಂತಿಯ ಕಣ್ಣೀರು

ಹಾನಗಲ್, ಸವಣೂರು ಕಡೆಯ ಮನೆಗಳಲ್ಲಿ ಚೊಚ್ಚಿಲ ಬಾಣಂತನವೆಂದರೆ ತವರಿಗೆ ಒಂದು ವ್ರತವಿದ್ದಂತೆ. ಕುಬಸ ಮುಗಿಸಿಕೊಂಡು ಬಂದ ಮಗಳಿಗಾಗಿ ಅಂಟಿನುಂಡೆಗೆ ಬೇಕಾದ ಕೊಬ್ಬರಿ, ಉತ್ತತ್ತಿಗಳು ಮೊದಲೇ ಮನೆ ಸೇರಿರುತ್ತವೆ. ಹೆರಿಗೆಯಾದ ಮೇಲೆ ಅಳವಿಯ ಪಾಯಸ, ಎಣ್ಣೆ ತಿಕ್ಕಿ ಎರೆಯುವುದು, ಕಿವಿಗೆ ಗಾಳಿ ಹೋಗದಂತೆ ಬಟ್ಟೆ ಕಟ್ಟುವುದು. ಐದನೆಯ ದಿನ ಸಟವಿಯ ಪೂಜೆ, ಮುಂದೆ ತೊಟ್ಟಿಲು. ಇಷ್ಟೆಲ್ಲ ಅಕ್ಕರೆಯ ನಡುವೆ ಮಗಳು ಗೋಡೆಯ ಕಡೆಗೆ ಮುಖ ಮಾಡಿ ಅಳುತ್ತಿದ್ದರೆ ಹೆತ್ತವಳಿಗೆ ಏನೂ ತೋಚದು. "ಇಷ್ಟು ಚೆಂದದ ಕೂಸು ಮಗ್ಗಲದಾಗ ಐತಿ, ಯಾಕವ್ವಾ ಅಳತಿ? ಹಾಲು ಬತ್ತತಾವ ನೋಡು" ಎಂದು ಗದರುತ್ತಾಳೆ. ಅಂದಿನಿಂದ ಮಗಳು ಯಾರೂ ಕಾಣದಂತೆ ಅಳಲು ಕಲಿಯುತ್ತಾಳೆ.

ತಾಯಂದಿರೇ, ಈ ಅಳು ಎಲ್ಲವೂ ಒಂದೇ ಬಗೆಯದಲ್ಲ. ಹೆರಿಗೆಯಾದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣು ತುಂಬುವುದು, ಸಣ್ಣ ಮಾತಿಗೂ ಸಿಡುಕುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಕಂಡುಬರುತ್ತದೆ. ಗರ್ಭದ ಕಾಲದಲ್ಲಿ ಏರಿದ್ದ ಹಾರ್ಮೋನುಗಳು ಒಮ್ಮೆಲೆ ಇಳಿಯುತ್ತವೆ, ನಿದ್ದೆಯಂತೂ ಇರುವುದಿಲ್ಲ. ಇದಕ್ಕೆ ಔಷಧ ಬೇಡ. ಎರಡು ವಾರದೊಳಗೆ ತಾನಾಗಿಯೇ ಮರೆಯಾಗುತ್ತದೆ.

ಎರಡು ವಾರ ಕಳೆದೂ ಆ ಮೋಡ ಸರಿಯದಿದ್ದರೆ, ಮಗು ಮಲಗಿದಾಗಲೂ ಆಕೆಗೆ ನಿದ್ದೆ ಬಾರದಿದ್ದರೆ, ಕೂಸನ್ನು ಕಂಡರೆ ಪ್ರೀತಿಯೇ ಉಕ್ಕುತ್ತಿಲ್ಲವೆಂದು ಆಕೆ ಒಳಗೊಳಗೇ ತನ್ನನ್ನು ಹಳಿದುಕೊಳ್ಳುತ್ತಿದ್ದರೆ, ಅದು ಬೇನೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ಬಾಣಂತಿಯರಲ್ಲಿ ನೂರಕ್ಕೆ 22 ಜನರನ್ನು ಈ ಖಿನ್ನತೆ ಕಾಡುತ್ತದೆ. ನಮ್ಮ ನೆರೆಯ ಗೋವೆಯಲ್ಲಿ ನಡೆದು 2002ರಲ್ಲಿ ಬೆಳಕು ಕಂಡ ಅಧ್ಯಯನವೂ ಹೆಚ್ಚುಕಡಿಮೆ ಅಷ್ಟೇ ಹೇಳಿತು. ಜೊತೆಗೆ ಬಡತನ, ಗಂಡನೊಡನೆ ಸರಿಹೋಗದ ಬಾಳು, ಗಂಡನ್ನು ಬಯಸಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು, ಇವು ಬೇನೆಯನ್ನು ಹೆಚ್ಚಿಸುತ್ತವೆಂದೂ ತೋರಿಸಿತು. "ಮತ್ತೆ ಹೆಣ್ಣೇನು?" ಎಂದು ತೊಟ್ಟಿಲ ಬಳಿ ನಿಂತು ಉಸಿರುಗರೆಯುವ ಬಂಧುಗಳನ್ನು ಹೊಸಿಲಾಚೆ ನಿಲ್ಲಿಸಿದರೂ ತಪ್ಪಲ್ಲವೆಂದು ನನ್ನ ಅಭಿಪ್ರಾಯ.

ಬಾಣಂತನದ ಏರ್ಪಾಡಿನಲ್ಲಿ ನಾವು ಗಮನಿಸದ ಗಳಿಗೆ ಇನ್ನೊಂದಿದೆ. ಮೂರೋ ಐದೋ ತಿಂಗಳಿಗೆ ಮಡಿಲು ತುಂಬಿ, ತೊಟ್ಟಿಲು ಕಟ್ಟಿಸಿ, ಮಗಳನ್ನು ಗಂಡನ ಮನೆಗೆ ಕಳಿಸುತ್ತೇವೆ. ನಿನ್ನೆಯವರೆಗೆ ಮಗುವಿಗೆ ಎರೆಯಲು ಅಜ್ಜಿಯಿದ್ದಳು, ರಾತ್ರಿ ಎತ್ತಿಕೊಳ್ಳಲು ತಂಗಿಯಿದ್ದಳು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಎರಡು ಕೋಣೆಯ ಬಾಡಿಗೆ ಮನೆಯಾದರೆ, ಗಂಡ ಬೆಳಿಗ್ಗೆ ಆಫೀಸಿಗೆ ಹೊರಟ ಮೇಲೆ ಕದ ಮುಚ್ಚಿತೆಂದರೆ ಸಂಜೆಯವರೆಗೆ ಆಕೆ ಮತ್ತು ಆ ಕೂಸು ಇಬ್ಬರೇ. ಅತ್ತೆಯಿರುವ ತುಂಬಿದ ಮನೆಯಾದರೆ ಮರುದಿನದಿಂದಲೇ ಒಲೆಯ ಮುಂದೆ. ಆಗ ಆಕೆ ಮಂಕಾದರೆ "ತವರಿನ ಚಾಳಿ, ಮೈಗಳ್ಳತನ" ಎಂಬ ಹೆಸರು ಬರುತ್ತದೆ. ಖಿನ್ನತೆ ಹೆರಿಗೆಯಾದ ವರ್ಷದೊಳಗೆ ಯಾವಾಗಲಾದರೂ ತಲೆಯೆತ್ತಬಹುದು. ಕಳಿಸುವಾಗ ತೊಟ್ಟಿಲ ಜೊತೆಗೆ ತಾಯಿಯೂ ಹದಿನೈದು ದಿನ ಹೋಗಿ ಇದ್ದು ಬರಲಿ. ಬೀಗರ ಮನೆಯೆಂಬ ಸಂಕೋಚವನ್ನು ಅಷ್ಟರಮಟ್ಟಿಗೆ ಬದಿಗಿಡಬಹುದು.

ಹೇಗೆ ಕೇಳಬೇಕೆಂಬುದೇ ಕಷ್ಟ. 1987ರಲ್ಲಿ ಎಡಿನ್‌ಬರೋದ ತಜ್ಞರು ಇದಕ್ಕಾಗಿಯೇ ಹತ್ತು ಪ್ರಶ್ನೆಗಳನ್ನು ರೂಪಿಸಿದರು. ಕನ್ನಡದಲ್ಲಿಯೂ ಅವು ಬಳಕೆಗೆ ಬಂದಿವೆ. ನಗಲು ಸಾಧ್ಯವಾಗುತ್ತಿದೆಯೆ ಎಂಬುದರಿಂದ ತೊಡಗಿ, ಕಡೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೆ ಎಂಬುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹಿರಿಯರು ಅಂಜುತ್ತಾರೆ. ಹುಟ್ಟುವುದಿಲ್ಲ. ಇರುವ ಯೋಚನೆಯನ್ನು ಆಡಿ ಹಗುರಾಗಲು ಅವಕಾಶ ಸಿಗುತ್ತದೆ.

ಇನ್ನು ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದ ಮಾತು. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ, ನಿದ್ದೆಗೆಟ್ಟು, ಇಲ್ಲದ ದನಿ ಕೇಳಿ, ಮಗುವಿನ ಬಗ್ಗೆ ವಿಚಿತ್ರ ಶಂಕೆ ಹುಟ್ಟುತ್ತದೆ. ಗಾಳಿ ಸೋಕಿತೆಂದು ತಾಯಿತ ಹುಡುಕುತ್ತ ಒಂದು ದಿನವನ್ನೂ ಕಳೆಯಬೇಡಿರಿ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿದೆ. ಅವರಿಬ್ಬರನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸ್ಪತ್ರೆಯೆಂದೊಡನೆ ಕೂಸನ್ನು ಕಿತ್ತುಕೊಳ್ಳುವರೆಂಬ ಭಯ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ಘಟಕವನ್ನು ತೆರೆಯಿತು. ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಅವನ್ನು ವೈದ್ಯರೇ ಆರಿಸಬೇಕು, ತಾವಾಗಿ ನಿಲ್ಲಿಸಲೂಬಾರದು.

"ಇವರನ್ನ ಧಾರವಾಡಕ್ಕೆ ಕಳಸಬೇಕು" ಎಂಬುದು ನಮ್ಮ ಕಡೆ ಹಳೆಯ ಹಾಸ್ಯ. ಆ ಹಾಸ್ಯದ ದೆಸೆಯಿಂದಲೇ ಎಷ್ಟೋ ಮನೆಯವರು ಅಲ್ಲಿಯ ಡಿಮ್ಹಾನ್ಸ್ ಸಂಸ್ಥೆಯ ಮೆಟ್ಟಿಲು ಹತ್ತಲು ನಾಚುತ್ತಾರೆ. ಶಿಗ್ಗಾಂವಿ, ಸವಣೂರಿನವರಿಗೆ ಅದು ಹುಬ್ಬಳ್ಳಿಯ ಮೇಲೆ ಹಾಯ್ದು ಹೋಗುವ ದಾರಿ. ಹಿರೇಕೆರೂರಿನವರಿಗೆ ಇನ್ನೂ ದೂರ. ಅಷ್ಟು ದೂರ ಹೋಗುವ ಮೊದಲು ಹಾವೇರಿಯ ಜಿಲ್ಲಾಸ್ಪತ್ರೆಯಿದೆ. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದೂ ವಿಚಾರಿಸಿರಿ. ರಾತ್ರಿ ಹೊತ್ತಾದರೆ 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ಮಗುವನ್ನು ತೂಗುತ್ತಾಳೆ. ಮುಂದಿನ ಸಲ ಬಂದಾಗ ಒಂದು ಲೋಟ ಚಹಾ ಕೊಟ್ಟು, ಬಾಣಂತಿಯ ಬಳಿ ಆಕೆಯೊಬ್ಬಳನ್ನೇ ಕುಳ್ಳಿರಿಸಿ, ನೀವು ಸ್ವಲ್ಪ ಹೊತ್ತು ಕೂಸನ್ನೆತ್ತಿಕೊಂಡು ಪಡಸಾಲೆಗೆ ಬನ್ನಿರಿ.